ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿಯ ಮಣ್ಣಿನ ಟ್ರ್ಯಾಕಿಗೆ ಆರ್‌ಸಿ ಟ್ರಕ್ ಸೆಟ್ಟಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ರಿಮೋಟಿನಿಂದ ಓಡುವ ಆಫ್‌ರೋಡ್ ಟ್ರಕ್ಕನ್ನು ಬಯಲಿನಲ್ಲಿ ಮನಸ್ಸಿಗೆ ಬಂದಂತೆ ಓಡಿಸುವುದು ಬೇರೆ, ಗಡಿ ಹಾಕಿದ ಟ್ರ್ಯಾಕಿನಲ್ಲಿ ಐದು ನಿಮಿಷ ಮಗುಚದೆ ಓಡಿಸುವುದು ಬೇರೆ. ಇಲ್ಲಿನ ಉತ್ತರಗಳು 1:10 ಅಳತೆಯ, ಬ್ಯಾಟರಿಯಿಂದ ಓಡುವ ಶಾರ್ಟ್ ಕೋರ್ಸ್ (ಅಗಲವಾದ ಬಾಡಿ ಚಕ್ರಗಳನ್ನು ಮುಚ್ಚಿರುವ) ಮತ್ತು ಸ್ಟೇಡಿಯಂ (ಚಕ್ರಗಳು ಬಾಡಿಯ ಹೊರಗಿರುವ) ಟ್ರಕ್‌ಗಳಿಗೆ ಸಂಬಂಧಿಸಿದವು. ನಮ್ಮ ಭಾಗದ ಮಣ್ಣು, ಬಿಸಿಲು ಮತ್ತು ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮಾಡಿದ ಸೆಟ್ಟಿಂಗ್ ನಿಲ್ಲುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಬಹುತೇಕ ಉತ್ತರಗಳಲ್ಲಿ ಮಣ್ಣಿನ ಮಾತು ಬರುತ್ತದೆ.

ಹೊಸ ಟ್ರಕ್ಕನ್ನು ಡಬ್ಬಿಯಿಂದ ತೆಗೆದು ನೇರವಾಗಿ ರೇಸಿಗೆ ಇಳಿಸಬಹುದೇ?

ಇಳಿಸಬಹುದು, ಆದರೆ ಅದು ರೇಸಿಗೆಂದು ಹದಗೊಂಡ ಗಾಡಿಯಾಗಿರುವುದಿಲ್ಲ. 2008ರಲ್ಲಿ ಟ್ರ್ಯಾಕ್ಸಸ್ ಕಂಪನಿಯ ಸ್ಲ್ಯಾಶ್ ಮಾರುಕಟ್ಟೆಗೆ ಬಂದ ಮೇಲೆ ಶಾರ್ಟ್ ಕೋರ್ಸ್ ಟ್ರಕ್‌ಗಳು ಎಲ್ಲೆಡೆ ಜನಪ್ರಿಯವಾದವು. ಅಂಥ ಸಿದ್ಧ ಗಾಡಿಗಳನ್ನು ಯಾವ ನೆಲದಲ್ಲಾದರೂ ಓಡಲಿ, ಬಿದ್ದರೂ ಮುರಿಯದಿರಲಿ ಎಂದು ಎತ್ತರವಾಗಿ ಮತ್ತು ಮೆತ್ತಗೆ ಹೊಂದಿಸಿರುತ್ತಾರೆ. ಟ್ರ್ಯಾಕಿನಲ್ಲಿ ಅದೇ ಎತ್ತರ ತಿರುವಿನಲ್ಲಿ ಗಾಡಿಯನ್ನು ಮಗುಚುತ್ತದೆ.

ಸೆಟ್ಟಿಂಗಿಗೆ ಕೈ ಹಾಕುವ ಮೊದಲು ಗಾಡಿ ಆರೋಗ್ಯವಾಗಿದೆಯೇ ಎಂದು ನೋಡಬೇಕು. ಚಕ್ರಗಳನ್ನು ಕಳಚಿ, ಶಾಕ್‌ಗಳ (ಸ್ಪ್ರಿಂಗ್ ಮತ್ತು ಎಣ್ಣೆಯಿಂದ ಏಟು ತಡೆಯುವ ಕೊಳವೆಗಳ) ಕೆಳತುದಿಯನ್ನು ಬಿಡಿಸಿ, ಚಕ್ರವನ್ನು ಚೌಕಟ್ಟಿಗೆ ಕೂಡಿಸುವ ಆರ್ಮ್‌ಗಳನ್ನು ಒಂದೊಂದಾಗಿ ಎತ್ತಿ ಕೈ ಬಿಡಿ. ಆರ್ಮ್ ತನ್ನ ತೂಕಕ್ಕೆ ತಾನೇ ಕೆಳಗೆ ಬೀಳಬೇಕು. ನಡುವೆ ಎಲ್ಲಿಯಾದರೂ ತಡೆದು ನಿಂತರೆ ಆರ್ಮನ್ನು ಹಿಡಿದಿರುವ ಹಿಂಜ್ ಪಿನ್ ಬಾಗಿದೆ, ಅಥವಾ ಸಂದಿಯಲ್ಲಿ ಮಣ್ಣು ಕೂತಿದೆ, ಅಥವಾ ಆರ್ಮಿನ ರಂಧ್ರ ಬಿಗಿಯಾಗಿದೆ ಎಂದು ತಿಳಿಯಬೇಕು. ಇದನ್ನು ಸರಿಪಡಿಸದೆ ಸ್ಪ್ರಿಂಗ್ ಬದಲಿಸುತ್ತ ಹೋದರೆ ತೊಂದರೆ ಸ್ಪ್ರಿಂಗಿನದೋ ಪಿನ್ನಿನದೋ ಎಂಬುದು ಕೊನೆಯವರೆಗೂ ಗೊತ್ತಾಗುವುದಿಲ್ಲ. ಲೋಹಕ್ಕೆ ಲೋಹ ಕೂಡುವ ಸ್ಕ್ರೂಗಳಿಗೆ ಥ್ರೆಡ್ ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ. ಪ್ಲಾಸ್ಟಿಕ್ಕಿಗೆ ಕೂಡುವ ಸ್ಕ್ರೂಗಳಿಗೆ ಹಾಕಬೇಡಿ, ಅದು ಪ್ಲಾಸ್ಟಿಕ್ಕನ್ನು ಬಿರುಸುಗೊಳಿಸಿ ಸೀಳಿಸುತ್ತದೆ.

ಯಾವುದನ್ನು ಮೊದಲು ಬದಲಿಸಬೇಕು?

ಟೈರ್. ಆಮೇಲೆ ನೆಲದಿಂದ ಚಾಸಿಸ್ಸಿನ (ಗಾಡಿಯ ತಳದ ಚೌಕಟ್ಟಿನ) ಎತ್ತರ, ಆಮೇಲೆ ಶಾಕ್‌ಗಳು, ಉಳಿದದ್ದೆಲ್ಲ ನಂತರ. ಮೋಟಾರಿನ ಶಕ್ತಿಯನ್ನು ಹೆಚ್ಚಿಸುವ ಕೆಲಸ ಪಟ್ಟಿಯ ಕೊನೆಯಲ್ಲಿರಬೇಕು, ಏಕೆಂದರೆ ನೆಲ ಹಿಡಿಯದ ಟೈರಿಗೆ ಕೊಟ್ಟ ಶಕ್ತಿ ಧೂಳೆಬ್ಬಿಸುವುದಕ್ಕಷ್ಟೇ ಖರ್ಚಾಗುತ್ತದೆ. ಯಾವುದನ್ನು ಬದಲಿಸಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸುವ ಮೊದಲಿನ ಅಳತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.

ನಮ್ಮ ಭಾಗದ ಮಣ್ಣಿಗೆ ಎಂಥ ಟೈರ್ ಹೊಂದುತ್ತದೆ?

ಮೊದಲು ಟ್ರ್ಯಾಕಿನ ಮೇಲ್ಪದರ ಯಾವ ಮಣ್ಣಿನದು ಎಂದು ನೋಡಬೇಕು. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಕಡೆಗೆ ಎರೆ ಮಣ್ಣು. ಕಲಘಟಗಿ, ಧಾರವಾಡದ ಪಶ್ಚಿಮ ಭಾಗ, ಹಾನಗಲ್ಲಿನ ಕಡೆಗೆ ಮತ್ತು ಕಪ್ಪತಗುಡ್ಡದ ಸುತ್ತ ಕೆಂಪು ಮಣ್ಣು, ಮಸಾರಿ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಒಂದು ವಾರದಲ್ಲಿ ಟ್ರ್ಯಾಕಿನ ನಡುವೆಯೇ ಬೆರಳು ಹೋಗುವಷ್ಟು ಬಿರುಕು ಬಿಡುವ ಈ ಮಣ್ಣಿನ ಮೇಲೆ ರೇಸ್ ನಡೆಸಬೇಕಾದರೆ ಗರಸು ಹಾಸಿ, ಅದರ ಮೇಲೆ ಸಾಣಿಸಿದ ಕೆಂಪು ಮಣ್ಣಿನ ಪದರ ಕೊಟ್ಟು, ನೀರು ಚಿಮುಕಿಸಿ ರೋಲರ್ ಓಡಿಸುವುದೇ ದಾರಿ. ಹೀಗೆ ಸಿದ್ಧಪಡಿಸಿದ ಟ್ರ್ಯಾಕ್ ಬೆಳಿಗ್ಗೆ ಒಂದು ಬಗೆ, ಮಧ್ಯಾಹ್ನ ಇನ್ನೊಂದು ಬಗೆ ಆಗಿರುತ್ತದೆ.

ಬೆಳಿಗ್ಗೆ ನೀರು ಹಾಕಿ ಗಟ್ಟಿ ಮಾಡಿದ ಕೆಂಪು ಮಣ್ಣಿನಲ್ಲಿ ತೇವ ಇರುವಷ್ಟು ಹೊತ್ತು ಸಣ್ಣ ಪಿನ್‌ಗಳಿರುವ (ಟೈರಿನ ಮೈಮೇಲಿನ ರಬ್ಬರ್ ಮೊಳೆಗಳಿರುವ) ಮೆತ್ತನೆಯ ಟೈರ್ ಚೆನ್ನಾಗಿ ಹಿಡಿಯುತ್ತದೆ. ಹನ್ನೊಂದು ಗಂಟೆಯ ಬಿಸಿಲಿಗೆ ತೇವ ಆರಿ ಮೇಲೆ ಪುಡಿ ಏಳುತ್ತದೆ. ಕೆಳಗೆ ಗಟ್ಟಿ, ಮೇಲೆ ಪುಡಿ ಇರುವ ಈ ಸ್ಥಿತಿ ಸಿಮೆಂಟ್ ನೆಲದ ಮೇಲೆ ರವೆ ಚೆಲ್ಲಿದಂತೆ, ಇದರಲ್ಲಿ ಸಣ್ಣ ಪಿನ್‌ಗಳು ಪುಡಿಯ ಮೇಲೆಯೇ ತೇಲುತ್ತವೆ. ಆಗ ಎತ್ತರದ, ಒಂದಕ್ಕೊಂದು ದೂರವಿರುವ ಪಿನ್ ಅಥವಾ ಬ್ಲಾಕ್‌ಗಳ ಟೈರ್ ಬೇಕಾಗುತ್ತದೆ, ಅವು ಪುಡಿಯನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತವೆ. ಗಾಡಿಗಳು ಓಡಿ ಓಡಿ ಪುಡಿಯೆಲ್ಲ ಪಕ್ಕಕ್ಕೆ ಸರಿದು, ಓಟದ ಸಾಲು ನುಣುಪಾಗಿ ಕಪ್ಪು ಮಿಂಚತೊಡಗಿದರೆ ಮತ್ತೆ ಕಡಿಮೆ ಎತ್ತರದ ಪಿನ್‌ಗಳಿಗೆ, ಕೆಲವೊಮ್ಮೆ ಅರ್ಧ ಸವೆದ ಹಳೆಯ ಟೈರಿಗೆ, ಮರಳಬೇಕು. ಸವೆದ ಟೈರನ್ನು ಎಸೆಯಬೇಡಿ ಎಂದು ಹೊಸಬರಿಗೆ ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ರಬ್ಬರಿನ ಮೆತುತನದ ವಿಷಯದಲ್ಲಿ ಒಂದು ಎಚ್ಚರಿಕೆ. ಅತಿ ಮೆತ್ತನೆಯ ರಬ್ಬರ್ ಒಳಾಂಗಣದ ಜೇಡಿಮಣ್ಣಿನ ಟ್ರ್ಯಾಕಿಗೆಂದು ಮಾಡಿದ್ದು. ಗರಸಿನ ಹರಳುಗಳ ಮೇಲೆ ಅದರ ಪಿನ್‌ಗಳು ಬೇರುಸಹಿತ ಕಿತ್ತು ಬರುತ್ತವೆ. ನಮ್ಮ ಟ್ರ್ಯಾಕ್‌ಗಳಿಗೆ ಸಾಫ್ಟ್ ಎಂದು ನಮೂದಿಸಿದ್ದು ಸಾಕು, ಸೂಪರ್ ಸಾಫ್ಟ್ ಅನ್ನು ತೇವವಿರುವ ಸುತ್ತಿಗೆ ಮಾತ್ರ ಕಾಯ್ದಿರಿಸಿ.

ಟೈರನ್ನು ರಿಮ್ಮಿಗೆ ಅಂಟಿಸುವುದು ಕಡ್ಡಾಯವೇ?

ಕಡ್ಡಾಯ. ಅಂಟಿಸದ ಟೈರ್ ಬ್ರಷ್‌ಲೆಸ್ ಮೋಟಾರಿನ ವೇಗಕ್ಕೆ ರಿಮ್ಮಿನಿಂದ ಹೊರಬರುತ್ತದೆ. ಟೈರಿನ ಅಂಚಿಗೆ ಅಚ್ಚಿನ ಎಣ್ಣೆಯ ಪಸೆ ಇರುತ್ತದೆ. ಅದನ್ನು ಸ್ಪಿರಿಟ್ಟಿನಿಂದ ಒರೆಸಿ, ಒಳಗಿನ ಫೋಮ್ ಮಡಚಿಕೊಂಡಿಲ್ಲವೆಂದು ಸುತ್ತಲೂ ಒತ್ತಿ ನೋಡಿ, ಆಮೇಲೆ ತೆಳುವಾದ ಸೂಪರ್ ಗ್ಲೂವನ್ನು ಹನಿಹನಿಯಾಗಿ ಬಿಡಬೇಕು. ಒಂದು ಬದಿ ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು ಬದಿ. ಕಿಟಕಿ ತೆರೆದ ಕೋಣೆಯಲ್ಲಿ ಕೂತು ಮಾಡಿ, ಆ ಗ್ಲೂವಿನ ಹೊಗೆ ಕಣ್ಣನ್ನು ಉರಿಸುತ್ತದೆ.

ಹಿಂದೆ ಮೋಟಾರ್ ಇರುವ ಟ್ರಕ್ ಒಳ್ಳೆಯದೋ, ನಡುವೆ ಇರುವುದೋ?

ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಟ್ರಕ್‌ಗಳಲ್ಲಿ (ಮುಂದೆ ಇವನ್ನು ಎರಡು ಚಕ್ರದ ಗಾಡಿ ಎನ್ನುತ್ತೇನೆ) ಈ ಪ್ರಶ್ನೆ ಬಹಳ ಮುಖ್ಯ. ಮೋಟಾರ್ ಹಿಂದಿನ ಆಕ್ಸಲ್‌ಗಿಂತ ಹಿಂದಿದ್ದರೆ ಹಿಂಚಕ್ರಗಳ ಮೇಲೆ ತೂಕ ಬಿದ್ದು, ಪುಡಿಮಣ್ಣಿನಲ್ಲಿ ಎಳೆತ ಹೆಚ್ಚುತ್ತದೆ. ನಡುವೆ ಇದ್ದರೆ ಗಾಡಿ ತಿರುವಿನಲ್ಲಿ ಚುರುಕಾಗುತ್ತದೆ, ಆದರೆ ಅದಕ್ಕೆ ನೆಲದ ಹಿಡಿತ ಗಟ್ಟಿಯಾಗಿರಬೇಕು. ವಿದೇಶದ ಕಾರ್ಪೆಟ್ ಮತ್ತು ಕೃತಕ ಹುಲ್ಲಿನ ಟ್ರ್ಯಾಕ್‌ಗಳಲ್ಲಿ ನಡುವಿನ ಮೋಟಾರೇ ಮೆರೆಯುವುದು ಇದರಿಂದಲೇ. ಗದಗ ಮತ್ತು ಹುಬ್ಬಳ್ಳಿಯ ಒಣ ಮಣ್ಣಿಗೆ, ಆಯ್ಕೆ ಇನ್ನೂ ಕೈಯಲ್ಲಿದ್ದರೆ, ಹಿಂದೆ ಮೋಟಾರ್ ಇರುವುದನ್ನೇ ತೆಗೆದುಕೊಳ್ಳಿ. ನಡುವೆ ಮೋಟಾರ್ ಇರುವ ಗಾಡಿ ಈಗಾಗಲೇ ಇದ್ದರೆ ಬ್ಯಾಟರಿಯನ್ನು ಸಾಧ್ಯವಾದಷ್ಟು ಹಿಂದಕ್ಕೆ ಸರಿಸಿ.

ಚಾಸಿಸ್ ನೆಲದಿಂದ ಎಷ್ಟು ಎತ್ತರದಲ್ಲಿರಬೇಕು?

1:10 ಟ್ರಕ್‌ಗಳಿಗೆ 25ರಿಂದ 28 ಮಿ.ಮೀ. ಆರಂಭಕ್ಕೆ ಸರಿ. ಬ್ಯಾಟರಿ ಮತ್ತು ಬಾಡಿ ಎರಡನ್ನೂ ಕೂಡಿಸಿ, ಸಮತಟ್ಟಾದ ಮೇಜಿನ ಮೇಲೆ ಗಾಡಿಯನ್ನು ಒಂದು ಗೇಣಿನಷ್ಟು ಎತ್ತರದಿಂದ ಬಿಟ್ಟು, ಅದು ತಾನಾಗಿ ನಿಂತ ಮೇಲೆ ಅಳೆಯಬೇಕು. ಟ್ರ್ಯಾಕ್ ಗುಂಡಿ ಬಿದ್ದಿದ್ದರೆ ಎರಡು ಮಿ.ಮೀ. ಏರಿಸಿ, ನುಣುಪಾಗಿದ್ದು ಗಾಡಿ ಮಗುಚುತ್ತಿದ್ದರೆ ಎರಡು ಮಿ.ಮೀ. ಇಳಿಸಿ.

ಶಾಕ್ ಎಣ್ಣೆಯನ್ನು ಹೇಗೆ ಆರಿಸಬೇಕು, ಹೇಗೆ ತುಂಬಬೇಕು?

ಶಾಕ್‌ಗಳಿಗೆ ಶುದ್ಧ ಸಿಲಿಕೋನ್ ಎಣ್ಣೆಯನ್ನೇ ಬಳಸಬೇಕು. ಬೈಕಿನ ಫೋರ್ಕ್ ಎಣ್ಣೆ ಸೀಲ್‌ಗಳನ್ನು ಉಬ್ಬಿಸುತ್ತದೆ. ಬಾಟಲಿಯ ಮೇಲೆ 30 ವೆಯ್ಟ್, 35 ವೆಯ್ಟ್ ಎಂದು ಬರೆದಿರುವುದು ಒಂದೊಂದು ಕಂಪನಿಗೆ ಒಂದೊಂದು ದಪ್ಪವನ್ನು ಸೂಚಿಸಬಹುದು, ಆದ್ದರಿಂದ ಸಿಎಸ್‌ಟಿ (ಸೆಂಟಿಸ್ಟೋಕ್ಸ್, ಎಣ್ಣೆಯ ದಪ್ಪದ ಅಳತೆ) ಅಂಕಿಯನ್ನು ನೋಡಿ ಕೊಳ್ಳುವುದು ಜಾಣತನ. ಅಸೋಸಿಯೇಟೆಡ್ ಕಂಪನಿಯ ಲೆಕ್ಕದಲ್ಲಿ 30 ವೆಯ್ಟ್ ಎಂದರೆ 350 ಸಿಎಸ್‌ಟಿ, 35 ವೆಯ್ಟ್ ಎಂದರೆ 425 ಸಿಎಸ್‌ಟಿ.

ಎಣ್ಣೆ ಬಿಸಿಯಾದಂತೆ ತೆಳುವಾಗುತ್ತದೆ ಎಂಬುದನ್ನು ನಮ್ಮ ಊರುಗಳಲ್ಲಿ ಮರೆಯುವಂತಿಲ್ಲ. ಧಾರವಾಡದ ಡಿಸೆಂಬರ್ ಮುಂಜಾನೆಯ ಚಳಿಯಲ್ಲಿ ಚೆನ್ನಾಗಿ ಓಡಿದ ಗಾಡಿ, ಏಪ್ರಿಲ್ ತಿಂಗಳ ಮಧ್ಯಾಹ್ನ ಗದುಗಿನಲ್ಲಿ ಬಿಸಿಲು 38 ಡಿಗ್ರಿಯ ಹತ್ತಿರ ಇರುವಾಗ, ಅದೇ ಎಣ್ಣೆಯಲ್ಲಿ ಚೆಂಡಿನಂತೆ ಪುಟಿಯುತ್ತದೆ. ಬೇಸಿಗೆಗೆ ಎಣ್ಣೆಯನ್ನು ಒಂದು ಹಂತ ದಪ್ಪ ಮಾಡಿಕೊಳ್ಳಿ: ಚಳಿಗಾಲದಲ್ಲಿ ಮುಂದೆ 350 ಇದ್ದರೆ ಬೇಸಿಗೆಯಲ್ಲಿ 425. ಹಿಂದಿನ ಶಾಕ್‌ಗಳಿಗೆ ಸಾಮಾನ್ಯವಾಗಿ ಮುಂದಿನದಕ್ಕಿಂತ ಸ್ವಲ್ಪ ತೆಳುವಾದದ್ದು ಹೊಂದುತ್ತದೆ.

ತುಂಬುವ ಕ್ರಮಕ್ಕೆ ಅವಸರ ಸಲ್ಲದು. ಪಿಸ್ಟನ್ ರಾಡನ್ನು ಪೂರ್ತಿ ಕೆಳಗೆಳೆದು, ಎಣ್ಣೆಯನ್ನು ಅಂಚಿನವರೆಗೆ ಹಾಕಿ, ರಾಡನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಪಿಸ್ಟನ್ನಿನ ರಂಧ್ರಗಳಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ಅವು ನಿಂತ ಮೇಲೂ ಗೋಡೆಗೆ ಅಂಟಿಕೊಂಡ ಗುಳ್ಳೆಗಳಿರುತ್ತವೆ, ಶಾಕನ್ನು ನೆಟ್ಟಗೆ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಬಿಟ್ಟರೆ ಅವೂ ಮೇಲೆ ಬರುತ್ತವೆ. ಆಮೇಲೆ ಕ್ಯಾಪಿನೊಳಗಿನ ರಬ್ಬರ್ ಪೊರೆಯನ್ನು ಓರೆಯಾಗಿ ಕೂರಿಸುತ್ತ, ರಾಡನ್ನು ಮೇಲಕ್ಕೆ ಒತ್ತುತ್ತ, ಹೆಚ್ಚಾದ ಎಣ್ಣೆ ಅಂಚಿನಿಂದ ಹೊರಬರಲು ಬಿಟ್ಟು ಕ್ಯಾಪ್ ಬಿಗಿ ಮಾಡಬೇಕು. ಎಡ ಬಲದ ಎರಡು ಶಾಕ್‌ಗಳನ್ನು ಕಿವಿಯ ಹತ್ತಿರ ಹಿಡಿದು ಒತ್ತಿದಾಗ ಒಂದೇ ಬಗೆಯ ಸದ್ದು, ಒಂದೇ ಬಗೆಯ ತಡೆ ಇರಬೇಕು. ಒಂದರಲ್ಲಿ ಚಳಕ್ ಚಳಕ್ ಎಂಬ ಶಬ್ದ ಕೇಳಿದರೆ ಅದರಲ್ಲಿ ಗಾಳಿ ಉಳಿದಿದೆ. ಬಿಚ್ಚಿ ಮತ್ತೆ ತುಂಬಿ. ಬಲ ತಿರುವಿನಲ್ಲಿ ಒಂದು ರೀತಿ, ಎಡ ತಿರುವಿನಲ್ಲಿ ಇನ್ನೊಂದು ರೀತಿ ಓಡುವ ಗಾಡಿಗಳ ರೋಗ ಬಹಳ ಸಲ ಇಲ್ಲಿಯೇ ಇರುತ್ತದೆ.

ಸೆಟ್ಟಿಂಗ್ ಮುಗಿದ ಮೇಲೆ ಗಾಡಿಯನ್ನು ಸುಮಾರು 30 ಸೆಂ.ಮೀ. ಎತ್ತರದಿಂದ ಮಟ್ಟವಾಗಿ ನೆಲಕ್ಕೆ ಬಿಡಿ. ಅದು ನೆಲದ ಹತ್ತಿರ ಕುಸಿದು, ಒಮ್ಮೆ ಎದ್ದು, ನಿಲ್ಲಬೇಕು. ಧಡ್ ಎಂದು ಚಾಸಿಸ್ ಬಡಿದರೆ ಎಣ್ಣೆ ದಪ್ಪ ಮಾಡಿ, ಅಥವಾ ಪಿಸ್ಟನ್ ರಂಧ್ರ ಚಿಕ್ಕದಾಗಿರುವುದನ್ನು ಹಾಕಿ. ಕುಸಿಯದೆ ಪುಟಿದರೆ ಸ್ಪ್ರಿಂಗ್ ಬಿರುಸಾಗಿದೆ. ಎತ್ತರದ ಜಿಗಿತಗಳಿರುವ ಟ್ರ್ಯಾಕಿಗೆ ಸಣ್ಣ ರಂಧ್ರ, ಗುಂಡಿಗಳು ಒತ್ತೊತ್ತಾಗಿರುವ ಟ್ರ್ಯಾಕಿಗೆ ದೊಡ್ಡ ರಂಧ್ರ ಎಂಬುದು ನೆನಪಿಡಬೇಕಾದ ಲೆಕ್ಕ.

ಕ್ಯಾಂಬರ್, ಟೋ, ಕ್ಯಾಸ್ಟರ್ ಎಷ್ಟಿರಬೇಕು?

ನಾಲ್ಕೂ ಚಕ್ರಗಳಿಗೆ ಒಂದರಿಂದ ಎರಡು ಡಿಗ್ರಿ ನೆಗೆಟಿವ್ ಕ್ಯಾಂಬರ್, ಅಂದರೆ ಚಕ್ರದ ಮೇಲಂಚು ಒಳಗೆ ವಾಲಿರಬೇಕು. ಎರಡು ಚಕ್ರದ ಗಾಡಿಯಲ್ಲಿ ಹಿಂಚಕ್ರಗಳಿಗೆ ಮೂರು ಡಿಗ್ರಿಯಷ್ಟು ಟೋ-ಇನ್ ಇರಲಿ, ಅಂದರೆ ಚಕ್ರಗಳ ಮುಂಭಾಗ ಒಳಗೆ ತಿರುಗಿರಲಿ. ಮುಂಚಕ್ರಗಳು ನೇರವಾಗಿ, ಅಥವಾ ಒಂದು ಡಿಗ್ರಿಯವರೆಗೆ ಹೊರಗೆ ತೆರೆದಿರಲಿ. ಕ್ಯಾಸ್ಟರನ್ನು (ಮುಂಚಕ್ರ ತಿರುಗುವ ಅಕ್ಷದ ಹಿಂದಕ್ಕೆ ವಾಲುವ ಕೋನವನ್ನು) ಕಾರ್ಖಾನೆಯವರು ಕೊಟ್ಟಲ್ಲಿಯೇ ಬಿಡಿ. ಕ್ಯಾಂಬರ್ ಸರಿಯಾಗಿದೆಯೇ ಎಂಬುದನ್ನು ಟೈರೇ ಹೇಳುತ್ತದೆ: ಹೊರ ಅಂಚು ಬೇಗ ಸವೆದರೆ ಅರ್ಧ ಡಿಗ್ರಿ ಹೆಚ್ಚಿಸಿ, ಒಳ ಅಂಚು ಸವೆದರೆ ಅರ್ಧ ಡಿಗ್ರಿ ಇಳಿಸಿ.

ತಿರುವಿನಲ್ಲಿ ಹಿಂಬದಿ ಜಾರಿ ಗಾಡಿ ಸುತ್ತು ಹೊಡೆಯುತ್ತದೆ. ಏನು ಮಾಡಲಿ?

ಯಾವಾಗ ಜಾರುತ್ತದೆ ಎಂಬುದನ್ನು ಮೊದಲು ಗುರುತಿಸಬೇಕು. ಸ್ನೇಹಿತರೊಬ್ಬರನ್ನು ಆ ತಿರುವಿನ ಹತ್ತಿರ ನಿಲ್ಲಿಸಿ ನೋಡಲು ಹೇಳಿ, ಏಕೆಂದರೆ ಓಡಿಸುವವರ ಕಣ್ಣು ಮುಂದಿನ ತಿರುವಿನ ಮೇಲಿರುತ್ತದೆ.

ಬ್ರೇಕ್ ಹಿಡಿದು ತಿರುವಿಗೆ ಇಳಿಯುವಾಗಲೇ ಜಾರಿದರೆ ಬ್ರೇಕ್ ಹೆಚ್ಚಾಗಿದೆ. ಎರಡು ಚಕ್ರದ ಗಾಡಿಯಲ್ಲಿ ಬ್ರೇಕ್ ಹಿಂಚಕ್ರಗಳಿಗೆ ಮಾತ್ರ ಇರುವುದರಿಂದ ಅವು ಲಾಕ್ ಆದ ಕ್ಷಣವೇ ಹಿಂಬದಿ ಸುತ್ತುತ್ತದೆ. ಟ್ರಾನ್ಸ್‌ಮಿಟರಿನಲ್ಲಿ ಬ್ರೇಕಿನ ಮಿತಿಯನ್ನು ಇಳಿಸಿ, ಡ್ರ್ಯಾಗ್ ಬ್ರೇಕ್ (ಥ್ರಾಟಲ್ ಬಿಟ್ಟ ಕೂಡಲೇ ತಾನಾಗಿ ಹಿಡಿಯುವ ಬ್ರೇಕ್) ಇದ್ದರೆ ಅದನ್ನೂ ಕಡಿಮೆ ಮಾಡಿ. ತಿರುವಿನಿಂದ ಹೊರಬರುತ್ತ ಥ್ರಾಟಲ್ ಕೊಟ್ಟಾಗ ಜಾರಿದರೆ ಹಿಂದಿನ ಸ್ಪ್ರಿಂಗ್ ಒಂದು ಹಂತ ಮೆತ್ತಗಾಗಲಿ, ಬ್ಯಾಟರಿ ಹಿಂದೆ ಸರಿಯಲಿ, ಇಎಸ್‌ಸಿಯ (ಮೋಟಾರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯ) ಪಂಚ್, ಅಂದರೆ ಮೊದಲ ಎಳೆತದ ಬಿರುಸು, ಇಳಿಯಲಿ. ತಿರುವಿನ ನಟ್ಟನಡುವೆ, ಥ್ರಾಟಲ್ಲೂ ಇಲ್ಲದೆ ಬ್ರೇಕೂ ಇಲ್ಲದೆ ಉರುಳುವಾಗ ಜಾರಿದರೆ ಟೈರ್ ತಪ್ಪಾಗಿದೆ ಅಥವಾ ಹಿಂದಿನ ಕ್ಯಾಂಬರ್ ಲಿಂಕ್ (ಚಕ್ರದ ಮೇಲ್ಭಾಗವನ್ನು ಹಿಡಿದಿರುವ ಸರಳು) ಗಿಡ್ಡವಾಗಿದೆ. ಲಿಂಕನ್ನು ಹೊರಗಿನ ರಂಧ್ರಕ್ಕೆ ಸರಿಸಿ ಉದ್ದ ಮಾಡಿದರೆ ಗಾಡಿ ಸಮಾಧಾನವಾಗಿ ವಾಲುತ್ತದೆ.

ಇದಕ್ಕೆ ವಿರುದ್ಧವಾಗಿ, ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ನೇರವಾಗಿ ಹೊರಗೆ ಹೋಗುತ್ತದೆ.

ಮುಂದಿನ ಟೈರ್ ಸವೆದಿದೆಯೇ ನೋಡಿ. ಹತ್ತರಲ್ಲಿ ಐದಾರು ಸಲ ಕಾರಣ ಅಷ್ಟೇ. ಟೈರ್ ಸರಿಯಿದ್ದರೆ ಮುಂದಿನ ಸ್ಪ್ರಿಂಗ್ ಮೆತ್ತಗೆ ಮಾಡಿ ಅಥವಾ ಹಿಂದಿನದನ್ನು ಬಿರುಸು ಮಾಡಿ, ಬ್ಯಾಟರಿಯನ್ನು ಸ್ವಲ್ಪ ಮುಂದೆ ಸರಿಸಿ. ಅದರ ಜೊತೆಗೆ ತಿರುವಿಗೆ ಮೊದಲೇ ವೇಗ ಇಳಿಸುವ ಅಭ್ಯಾಸವೂ ಬೇಕು. ಥ್ರಾಟಲ್ ಹಿಡಿದುಕೊಂಡೇ ತಿರುಗಿಸಿದರೆ ಎರಡು ಚಕ್ರದ ಯಾವ ಟ್ರಕ್ಕೂ ಮುಂದಕ್ಕೇ ಹೋಗುತ್ತದೆ.

ನಾಲ್ಕು ಚಕ್ರದ ಟ್ರಕ್ಕಿನ ಡಿಫರೆನ್ಷಿಯಲ್‌ಗಳಿಗೆ ಯಾವ ಎಣ್ಣೆ?

ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ, ಮೂರು ಡಿಫ್ (ತಿರುವಿನಲ್ಲಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇರುವ ಗಾಡಿಗೆ ಮುಂದೆ 7,000, ನಡುವೆ 7,000, ಹಿಂದೆ 5,000 ಸಿಎಸ್‌ಟಿ ಎಂಬುದು ಒಳ್ಳೆಯ ಆರಂಭ. ಪುಡಿಮಣ್ಣು ಹೆಚ್ಚಿರುವ ಟ್ರ್ಯಾಕಿನಲ್ಲಿ 5,000, 5,000, 3,000ಕ್ಕೆ ಇಳಿಯಬಹುದು. ನಡುವಿನದು ತೆಳುವಾದಷ್ಟೂ ಥ್ರಾಟಲ್ ಕೊಟ್ಟಾಗ ಹಗುರಾದ ಮುಂಚಕ್ರಗಳು ಹೆಚ್ಚು ತಿರುಗಿ ಶಕ್ತಿ ಸೋರುತ್ತದೆ, ಆದರೆ ಗಾಡಿ ಕೈಗೆ ಸಿಗುತ್ತದೆ. ದಪ್ಪವಾದಷ್ಟೂ ಎಳೆತ ಬಿರುಸಾಗುತ್ತದೆ. ಹಿಂದಿನದು ದಪ್ಪವಾದರೆ ನೇರ ಓಟ ಚೆನ್ನ, ತಿರುವಿನಲ್ಲಿ ಮಾತ್ರ ಹಿಂಬದಿ ಸಡಿಲ. ಡಿಫ್ ಬಿಚ್ಚಿ ಜೋಡಿಸುವ ಕೆಲಸ ದೊಡ್ಡದು, ಅದನ್ನು ರೇಸಿನ ದಿನ ಮಾಡದೆ ಹಿಂದಿನ ವಾರವೇ ಮುಗಿಸಿಕೊಳ್ಳಿ.

ಸ್ಲಿಪ್ಪರ್ ಕ್ಲಚ್ ಎಷ್ಟು ಬಿಗಿ ಇರಬೇಕು?

ಏಟು ಬಿದ್ದಾಗ ಸ್ವಲ್ಪ ಜಾರಿ ಗೇರ್‌ಗಳನ್ನು ಉಳಿಸುವ ಕ್ಲಚ್ ಇದು. ನಿಂತಲ್ಲಿಂದ ಪೂರ್ತಿ ಥ್ರಾಟಲ್ ಕೊಟ್ಟಾಗ ಮೊದಲ ಅರ್ಧ ಮೀಟರಿನಷ್ಟು ದೂರ ಸುಂಯ್ ಎಂಬ ಸಣ್ಣ ಶಬ್ದ ಕೇಳಿ, ಆಮೇಲೆ ಹಿಡಿದುಕೊಳ್ಳಬೇಕು. ಶಬ್ದವೇ ಇಲ್ಲದಿದ್ದರೆ ಬಿಗಿ ಹೆಚ್ಚಾಗಿದೆ, ಜಿಗಿತದಿಂದ ಇಳಿಯುವಾಗ ಸ್ಪರ್ ಗೇರಿನ (ಮೋಟಾರಿನ ಪಿನಿಯನ್ ತಿರುಗಿಸುವ ದೊಡ್ಡ ಗೇರಿನ) ಹಲ್ಲು ಹಾರುತ್ತದೆ. ಶಬ್ದ ಉದ್ದವಾದರೆ ಪ್ಯಾಡ್ ಸುಟ್ಟು ಹೋಗುತ್ತದೆ.

ಪಿನಿಯನ್ ದೊಡ್ಡದು ಹಾಕಿದರೆ ಗಾಡಿ ವೇಗವಾಗುವುದಿಲ್ಲವೇ?

ಪಿನಿಯನ್ ಎಂದರೆ ಮೋಟಾರಿನ ಅಕ್ಷದ ಮೇಲಿನ ಚಿಕ್ಕ ಗೇರ್. ಅದು ದೊಡ್ಡದಾದರೆ ನೇರ ದಾರಿಯ ಕೊನೆಯಲ್ಲಿ ವೇಗ ಹೆಚ್ಚುತ್ತದೆ, ಜೊತೆಗೆ ಮೋಟಾರ್ ಬಿಸಿಯೂ ಆಗುತ್ತದೆ. ಒಟ್ಟು ಗೇರ್ ಅನುಪಾತ ತಿಳಿಯಲು ಸ್ಪರ್ ಹಲ್ಲುಗಳನ್ನು ಪಿನಿಯನ್ ಹಲ್ಲುಗಳಿಂದ ಭಾಗಿಸಿ, ಗೇರ್ ಬಾಕ್ಸಿನ ಒಳ ಅನುಪಾತದಿಂದ ಗುಣಿಸಬೇಕು. ಎರಡು ಚಕ್ರದ ಸ್ಲ್ಯಾಶಿನ ಒಳ ಅನುಪಾತ 2.72. ಅದಕ್ಕೆ 86 ಹಲ್ಲಿನ ಸ್ಪರ್, 19 ಹಲ್ಲಿನ ಪಿನಿಯನ್ ಇದ್ದರೆ ಒಟ್ಟು 12.31, ಪಿನಿಯನ್ 21ಕ್ಕೆ ಏರಿಸಿದರೆ 11.14. ಅಂಕಿ ಇಳಿದಷ್ಟೂ ತುದಿವೇಗ ಹೆಚ್ಚು, ತಿರುವಿನಿಂದ ಎದ್ದು ಬರುವ ಬಲ ಕಡಿಮೆ, ಶಾಖ ಹೆಚ್ಚು.

ನಮ್ಮ ಟ್ರ್ಯಾಕ್‌ಗಳು ಸಾಮಾನ್ಯವಾಗಿ ಒಂದು ನಿವೇಶನದ ಅಗಲದೊಳಗೆ ಮಡಚಿಕೊಂಡಿರುವುದರಿಂದ ನೇರ ದಾರಿ ಗಿಡ್ಡ, ತಿರುವು ಹೆಚ್ಚು. ಚಿಕ್ಕ ಪಿನಿಯನ್ನೇ ಲಾಭ. ಯಾವುದನ್ನು ಹಾಕಿದರೂ ಎರಡು ಮೂರು ನಿಮಿಷ ಓಡಿಸಿ ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಮೋಟಾರಿನ ಶಾಖ ನೋಡಿ. 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಂದು ಹಲ್ಲು ಇಳಿಸಿ. 80 ದಾಟಿದ ಮೇಲೂ ಓಡಿಸುತ್ತಿದ್ದರೆ ರೋಟರಿನ ಅಯಸ್ಕಾಂತ ಶಕ್ತಿ ಕಳೆದುಕೊಳ್ಳುವ ಅಪಾಯವಿದೆ, ಕಳೆದುಕೊಂಡದ್ದು ತಣ್ಣಗಾದ ಮೇಲೆ ಮರಳಿ ಬರುವುದಿಲ್ಲ. ಜನವರಿಯಲ್ಲಿ 65 ತೋರಿಸಿದ ಸೆಟ್ಟಿಂಗನ್ನು ಮೇ ತಿಂಗಳಲ್ಲಿ ಹಾಗೆಯೇ ನಂಬಬೇಡಿ. ಹೊರಗಿನ ಬಿಸಿಲು ಹೆಚ್ಚಾದಷ್ಟು ಮೋಟಾರಿನ ಶಾಖವೂ ಏರುತ್ತದೆ.

ಲಿಪೊ ಬ್ಯಾಟರಿಯ ವಿಷಯದಲ್ಲಿ ಏನು ಎಚ್ಚರ ಬೇಕು?

2ಎಸ್ (ಸಾಲಾಗಿ ಜೋಡಿಸಿದ ಎರಡು ಸೆಲ್‌ಗಳ) ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯ ನಾಮಮಾತ್ರ ವೋಲ್ಟೇಜ್ 7.4, ಪೂರ್ತಿ ಚಾರ್ಜ್ ಆದಾಗ 8.4. 5000 ಎಂಎಎಚ್ ಬ್ಯಾಟರಿಯನ್ನು 5 ಆಂಪಿಯರಿನಲ್ಲಿ, ಬ್ಯಾಲೆನ್ಸ್ ತಂತಿ ಜೋಡಿಸಿಯೇ ಚಾರ್ಜ್ ಮಾಡಬೇಕು. ಇಎಸ್‌ಸಿಯ ಕಡಿತದ ಮಿತಿಯನ್ನು ಪ್ರತಿ ಸೆಲ್ಲಿಗೆ 3.2 ವೋಲ್ಟಿಗಿಂತ ಕೆಳಗೆ ಇಡಬೇಡಿ, ಓಡಿಸದೆ ಇಡುವಾಗ ಪ್ರತಿ ಸೆಲ್ಲಿಗೆ 3.8 ವೋಲ್ಟಿನಲ್ಲಿಡಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬ್ಯಾಟರಿ ಬಿಟ್ಟು ಊಟಕ್ಕೆ ಹೋಗುವುದು ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ, ಕೂಡಲೇ ಬಿಡಬೇಕಾದ ಅಭ್ಯಾಸ. ಚಾರ್ಜಿಗೆ ಹಾಕಿ ಎದ್ದು ಹೋಗಬಾರದು. ಉಬ್ಬಿದ ಬ್ಯಾಟರಿಯನ್ನು ಇನ್ನೊಂದು ರೇಸಿಗೆಂದು ಉಳಿಸಿಕೊಳ್ಳಬಾರದು.

ಜಿಗಿತದಲ್ಲಿ ಮೂತಿ ಕೆಳಗಾಗಿ ಬೀಳುತ್ತದೆ, ಕೆಲವೊಮ್ಮೆ ಗಾಳಿಗೆ ಮೇಲೇಳುತ್ತದೆ. ಇದಕ್ಕೆ ಸೆಟ್ಟಿಂಗ್ ಇದೆಯೇ?

ಅರ್ಧ ಸೆಟ್ಟಿಂಗ್, ಅರ್ಧ ಬೆರಳು. ಗಾಡಿ ಗಾಳಿಯಲ್ಲಿರುವಾಗ ಥ್ರಾಟಲ್ ಕೊಟ್ಟರೆ ಚಕ್ರಗಳು ಮುಂದಕ್ಕೆ ವೇಗವಾಗಿ ತಿರುಗುತ್ತವೆ, ಅದಕ್ಕೆ ಪ್ರತಿಯಾಗಿ ಗಾಡಿಯ ಮೈ ಹಿಂದಕ್ಕೆ ತಿರುಗಿ ಮೂತಿ ಏಳುತ್ತದೆ. ಬ್ರೇಕ್ ಹಿಡಿದರೆ ಚಕ್ರಗಳ ತಿರುಗುವಿಕೆ ಮೈಗೆ ವರ್ಗಾವಣೆಯಾಗಿ ಮೂತಿ ಇಳಿಯುತ್ತದೆ. ದಿಬ್ಬದ ಅಂಚಿನಲ್ಲಿಯೇ ಥ್ರಾಟಲ್ ಬಿಟ್ಟುಬಿಡುವವರ ಗಾಡಿ ಮೂತಿ ಊರಿ ಬೀಳುವುದು ಇದರಿಂದ. ಅಂಚು ದಾಟುವವರೆಗೆ ಒಂದೇ ಹದದಲ್ಲಿ ಹಿಡಿದಿರಬೇಕು. ಹಾಗೆ ಮಾಡಿಯೂ ಮೂತಿ ಇಳಿದರೆ, ದಿಬ್ಬದ ತುದಿಯಲ್ಲಿ ಹಿಂಬದಿ ಒದೆಯುತ್ತಿದೆ ಎಂದರ್ಥ. ಹಿಂದಿನ ಶಾಕ್ ಎಣ್ಣೆಯನ್ನು ಒಂದು ಹಂತ ದಪ್ಪ ಮಾಡಿ ನೋಡಿ.

ಗಾಳಿಯದ್ದು ಬೇರೆ ಕಥೆ. ಶಾರ್ಟ್ ಕೋರ್ಸ್ ಟ್ರಕ್ಕಿನ ಅಗಲವಾದ ಬಾಡಿ ಜಿಗಿತದಲ್ಲಿ ಕೆಳಗಿನಿಂದ ಗಾಳಿ ತುಂಬಿಕೊಂಡು ಪ್ಯಾರಾಶೂಟ್ ಆಗುತ್ತದೆ. ಆಷಾಢದ ಗಾಳಿಯಲ್ಲಿ, ಅದರಲ್ಲೂ ಗಾಳಿಯಂತ್ರಗಳು ಸಾಲಾಗಿ ನಿಂತಿರುವ ಗದಗ, ಕಪ್ಪತಗುಡ್ಡದ ಬಯಲಿನಲ್ಲಿ, ಇದು ಗಾಡಿಯನ್ನು ಟ್ರ್ಯಾಕಿನಿಂದಲೇ ಆಚೆ ಒಯ್ಯುತ್ತದೆ. ಬಾಡಿಯ ಹಿಂಭಾಗದಲ್ಲಿ, ಚಕ್ರಗಳ ಹಿಂದಿನ ಫಲಕದಲ್ಲಿ ಮತ್ತು ಟ್ರಕ್ಕಿನ ತೊಟ್ಟಿಯ ಭಾಗದಲ್ಲಿ ದುಂಡನೆಯ ರಂಧ್ರಗಳನ್ನು ಕೊರೆಯಿರಿ. ಚೌಕಾಕಾರ ಬೇಡ, ಮೂಲೆಯಿಂದ ಸೀಳು ಬಿಡುತ್ತದೆ. ನಿಮ್ಮ ರೇಸಿನ ನಿಯಮ ಎಷ್ಟು ಕೊರೆಯಲು ಬಿಡುತ್ತದೆ ಎಂದು ಕತ್ತರಿ ಹಿಡಿಯುವ ಮೊದಲೇ ಕೇಳಿಕೊಳ್ಳಿ.

ಟ್ರಾನ್ಸ್‌ಮಿಟರಿನಲ್ಲಿ ಏನೇನು ಹೊಂದಿಸಬೇಕು?

ಸ್ಟಿಯರಿಂಗಿನ ಎಂಡ್ ಪಾಯಿಂಟ್ (ಚಕ್ರ ತಿರುಗುವ ಕೊನೆಯ ಮಿತಿ) ಮೊದಲು. ಪೂರ್ತಿ ತಿರುಗಿಸಿದಾಗ ಸರ್ವೋ (ಮುಂಚಕ್ರಗಳನ್ನು ತಿರುಗಿಸುವ ಸಣ್ಣ ಮೋಟಾರ್ ಪೆಟ್ಟಿಗೆ) ಗುಂಯ್‌ಗುಡುತ್ತಿದ್ದರೆ ಅದು ತಡೆಗೆ ಒತ್ತುತ್ತಿದೆ. ಶಬ್ದ ನಿಲ್ಲುವವರೆಗೆ ಇಳಿಸಿ. ಆಮೇಲೆ ಬ್ರೇಕಿನ ಮಿತಿ, ಆಮೇಲೆ ಡ್ಯುಯಲ್ ರೇಟ್ (ಸ್ಟಿಯರಿಂಗ್ ಒಟ್ಟು ಎಷ್ಟು ತಿರುಗಬೇಕೆಂಬ ಪ್ರಮಾಣ). ಎಕ್ಸ್‌ಪೊ (ನಡುಭಾಗದಲ್ಲಿ ಸ್ಟಿಯರಿಂಗಿನ ಚುರುಕು) ಅವರವರ ಕೈಗೆ ಬಿಟ್ಟದ್ದು. ಸ್ಥಿರತೆಗಾಗಿ ಗೈರೊ (ಜಾರಿದಾಗ ತಾನೇ ಸ್ಟಿಯರಿಂಗ್ ತಿದ್ದುವ ಸಾಧನ) ಇರುವ ರಿಸೀವರ್‌ಗಳಿಗೆ ಬಹಳ ಕಡೆ ರೇಸಿನಲ್ಲಿ ಅನುಮತಿ ಇಲ್ಲ, ಅದನ್ನು ಆಫ್ ಮಾಡಿಯೇ ಅಭ್ಯಾಸ ಮಾಡಿ.

ಚಾಂಪಿಯನ್‌ಗಳ ಸೆಟಪ್ ಶೀಟನ್ನು ಹಾಗೆಯೇ ನಕಲು ಮಾಡಬಹುದೇ?

ರೇಸರ್‌ಗಳು ತಮ್ಮ ಗಾಡಿಯ ಅಳತೆಗಳನ್ನೆಲ್ಲ ಬರೆದಿಡುವ ಹಾಳೆ ಅದು. ಓದಿ, ಕಲಿಯಿರಿ, ನಕಲು ಮಾಡಬೇಡಿ. ಆ ಹಾಳೆಯ ಮೇಲ್ಭಾಗದಲ್ಲಿ ಟ್ರ್ಯಾಕಿನ ನೆಲ, ಹಿಡಿತ, ತೇವ ಇವನ್ನು ಗುರುತು ಮಾಡಿರುತ್ತಾರೆ; ಬಹುತೇಕರು ಅದನ್ನು ಬಿಟ್ಟು ನೇರವಾಗಿ ಸ್ಪ್ರಿಂಗಿನ ಬಣ್ಣಕ್ಕೆ ಹೋಗುತ್ತಾರೆ. ಹಿಡಿತ ಹೆಚ್ಚಿರುವ ಕಾರ್ಪೆಟ್ಟಿಗೆ ಬರೆದ ಬಿರುಸು ಸ್ಪ್ರಿಂಗ್, ಕಡಿಮೆ ಎತ್ತರ, ಗಿಡ್ಡ ಲಿಂಕ್ ಇವನ್ನು ಹಾವೇರಿಯ ಒಣ ಮಸಾರಿಗೆ ತಂದರೆ ಗಾಡಿ ಮೊದಲ ತಿರುವಿನಲ್ಲಿಯೇ ಸುತ್ತು ಹೊಡೆಯುತ್ತದೆ. ಒಣ, ಪುಡಿ, ಹಿಡಿತ ಕಡಿಮೆ ಎಂದು ಗುರುತು ಮಾಡಿದ ಹಾಳೆ ಸಿಕ್ಕರೆ ಅದರಿಂದ ಆರಂಭಿಸಬಹುದು. ನನ್ನ ಮಟ್ಟಿಗೆ, ನಿಮ್ಮದೇ ಟ್ರ್ಯಾಕಿನಲ್ಲಿ ನಿಮಗಿಂತ ಎರಡು ಸೆಕೆಂಡ್ ಬೇಗ ಸುತ್ತು ಮುಗಿಸುವ ಅಣ್ಣನ ಗಾಡಿಯ ಟೈರ್ ಮತ್ತು ಎಣ್ಣೆ ಯಾವುದೆಂದು ಕೇಳುವುದು ಯಾವ ಹಾಳೆಗಿಂತಲೂ ಹೆಚ್ಚಿನದು. ಕೇಳಿದರೆ ಇಲ್ಲವೆನ್ನುವವರು ಈ ಹವ್ಯಾಸದಲ್ಲಿ ಕಡಿಮೆ.

ಸೆಟ್ಟಿಂಗ್ ಸುಧಾರಿಸಿದೆ ಎಂದು ಹೇಗೆ ತಿಳಿಯುವುದು?

ಒಂದು ವೇಗದ ಸುತ್ತನ್ನು ನೋಡಬೇಡಿ, ಐದು ನಿಮಿಷದ ಸರಾಸರಿಯನ್ನು ನೋಡಿ. 24 ಸೆಕೆಂಡಿನ ಒಂದು ಸುತ್ತು ಹೊಡೆದು ಮುಂದಿನ ಸುತ್ತಿನಲ್ಲಿ ಮಗುಚುವ ಗಾಡಿಗಿಂತ, ಎಲ್ಲ ಸುತ್ತನ್ನೂ 26ರಲ್ಲಿ ಮುಗಿಸುವ ಗಾಡಿ ಮುಂದಿರುತ್ತದೆ. ಮಾರ್ಷಲ್ (ಟ್ರ್ಯಾಕಿನ ಬದಿಯಲ್ಲಿ ನಿಂತು ಮಗುಚಿದ ಗಾಡಿಗಳನ್ನು ಎತ್ತುವವರು) ಓಡಿ ಬಂದು ಎತ್ತಿ ನಿಲ್ಲಿಸುವುದರೊಳಗೆ ಗಳಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಕಳೆದಿರುತ್ತದೆ. ನಿಮ್ಮ ರೇಸ್ ಮುಗಿದ ಕೂಡಲೇ ಮಾರ್ಷಲ್ ಆಗಿ ನಿಲ್ಲುವುದು ನಿಮ್ಮ ಹೊಣೆ; ಆ ಹೊತ್ತಿನಲ್ಲಿ ಬೇರೆಯವರ ಗಾಡಿಗಳು ತಿರುವಿನಲ್ಲಿ ಹೇಗೆ ವಾಲುತ್ತವೆ ಎಂದು ಹತ್ತಿರದಿಂದ ನೋಡಲು ಸಿಗುತ್ತದೆ.

ಮಳೆ ಬಂದರೆ, ಎರೆ ಮಣ್ಣು ಮೆತ್ತಿದರೆ?

ಓಡಿಸುವುದನ್ನು ನಿಲ್ಲಿಸಿ. ಹಸಿ ಎರೆ ಮಣ್ಣು ಪಿನ್‌ಗಳ ನಡುವೆ ತುಂಬಿ ಚಕ್ರವನ್ನು ಮುದ್ದೆ ಮಾಡುತ್ತದೆ, ಆ ಭಾರಕ್ಕೆ ಸರ್ವೋ ಮತ್ತು ಮೋಟಾರ್ ಎರಡೂ ಸುಡುವ ಸಂಭವವಿದೆ. ಮೆತ್ತಿದ ಮಣ್ಣನ್ನು ಹಸಿಯಿರುವಾಗ ಉಜ್ಜದೆ, ಪೂರ್ತಿ ಒಣಗಲು ಬಿಟ್ಟು ಗಟ್ಟಿ ಬ್ರಷ್ಷಿನಿಂದ ಉದುರಿಸಿ. ನೀರಿನಿಂದ ತೊಳೆಯಲೇಬೇಕಾದರೆ ಟೈರಿನ ಗಾಳಿರಂಧ್ರಗಳಿಗೆ ಟೇಪ್ ಹಚ್ಚಿ, ಇಲ್ಲದಿದ್ದರೆ ಒಳಗಿನ ಫೋಮ್ ನೀರು ಹೀರಿ ದಿನಗಟ್ಟಲೆ ಒಣಗುವುದಿಲ್ಲ.

ಬಿಡಿಭಾಗಗಳು ಇಲ್ಲಿ ಸಿಗುತ್ತವೆಯೇ?

ಆರ್ಮ್, ಸ್ಪರ್ ಗೇರ್, ಬಾಡಿ ಇವನ್ನು ತರಿಸಿಕೊಳ್ಳಬೇಕಾಗುತ್ತದೆ, ಆದ್ದರಿಂದ ಮುಂದಿನ ಆರ್ಮ್ ಒಂದು ಜೊತೆ ಮತ್ತು ಸ್ಪರ್ ಒಂದನ್ನು ಯಾವಾಗಲೂ ಪೆಟ್ಟಿಗೆಯಲ್ಲಿಟ್ಟಿರಿ. ಬೇರಿಂಗ್‌ಗಳ ವಿಷಯ ಹಾಗಲ್ಲ. ಬಹಳಷ್ಟು 1:10 ಟ್ರಕ್‌ಗಳಲ್ಲಿ ಬಳಸುವ 5×11×4 ಮಿ.ಮೀ. ಅಳತೆಯದಕ್ಕೆ ಎಂಆರ್ 115 ಎಂದೂ, 10×15×4 ಅಳತೆಯದಕ್ಕೆ 6700ZZ ಎಂದೂ ನಂಬರ್ ಇದೆ. ಈ ನಂಬರ್ ಹಿಡಿದು ಹುಬ್ಬಳ್ಳಿಯ ಬೇರಿಂಗ್ ಅಂಗಡಿಗಳಲ್ಲಿ ಕೇಳಿ, ಇಲ್ಲದಿದ್ದರೂ ತರಿಸಿಕೊಡಲು ಅವರಿಗೆ ನಂಬರ್ ಸಾಕು. ಬಾಗಿದ ಹಿಂಜ್ ಪಿನ್ನಿಗೆ ಬದಲಿ ಬೇಕಾದರೆ ಹಳೆಯದನ್ನು ತೆಗೆದುಕೊಂಡು ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದ ಲೇತ್ ಕೆಲಸಗಾರರಲ್ಲಿಗೆ ಹೋಗಿ. ಅದೇ ದಪ್ಪದ ಗಟ್ಟಿ ಉಕ್ಕಿನ ಸರಳಿನಿಂದ ಕತ್ತರಿಸಿ, ಕ್ಲಿಪ್ ಕೂರುವ ತೋಡು ಕೊರೆದು ಕೊಡುವಂತೆ ಹೇಳಿ, ಹೊಸದು ಆರ್ಮಿನ ರಂಧ್ರದಲ್ಲಿ ಸಲೀಸಾಗಿ ತಿರುಗುತ್ತದೆಯೇ ಎಂದು ಅಲ್ಲಿಯೇ ಹಾಕಿ ನೋಡಿಕೊಳ್ಳಿ.